ಸುಂಕದವನ ಮುಂದೆ ಮನೆಯ ಪಟ್ಟಿ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಹಳೇ ಮೈಸೂರಿನ ಕಡೆ ಇನ್ನೂ ಬಳಕೆ ತಪ್ಪಿಲ್ಲ. ಎತ್ತಿನ ಬೆನ್ನ ಮೇಲೆ ಹೇರು ಹೊರಿಸಿಕೊಂಡು ಬಂದವನು ಕಟ್ಟೆಯ ಬಳಿ ನಿಂತು, ಈ ವರ್ಷ ಮಳೆಯಿಲ್ಲ, ಮನೆಯಲ್ಲಿ ಮದುವೆಯಿದೆ, ಎತ್ತು ಕುಂಟುತ್ತಿದೆ ಎಂದು ಎಷ್ಟು ಹಲುಬಿದರೂ ಸುಂಕದವನ ಕಣ್ಣು ಹೇರಿನ ಮೇಲೆಯೇ ಇರುತ್ತದೆ. ಅವನಿಗೆ ಬೇಕಾದದ್ದು ಕಾಸು, ಕತೆಯಲ್ಲ ಎಂಬುದು ಗಾದೆಯ ಅರ್ಥ.

ಇದೇ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳ ಎಷ್ಟೋ ಮನೆಗಳಲ್ಲಿ ಇಂದು ನಡುಮನೆಯ ತುಂಬ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿರುತ್ತವೆ. ಮಗ ಕೆನಡಾಕ್ಕೋ, ಮಗಳು ಆಸ್ಟ್ರೇಲಿಯಾಕ್ಕೋ ಹೊರಟಿರುತ್ತಾರೆ. ನಾಲ್ಕು ದಿನದ ಪ್ರವಾಸಕ್ಕಲ್ಲ, ನೆಲೆಸುವುದಕ್ಕೆ. ಒಂದೊಂದು ಪೆಟ್ಟಿಗೆಯೂ 23 ಕಿಲೋ ದಾಟಿತೇನೋ ಎಂಬ ಚಿಂತೆ ಮನೆಮಂದಿಗೆಲ್ಲ ಇರುತ್ತದೆ. ಆದರೆ ಆ 23 ಕಿಲೋದೊಳಗೆ ಏನೇನಿದೆ ಎಂಬುದನ್ನು ಆಚೆಯ ದೇಶದ ಬಾಗಿಲಲ್ಲಿ ತಾವೇ ಬಾಯಿಬಿಟ್ಟು ಹೇಳಬೇಕು, ಬರೆದು ಸಹಿ ಹಾಕಬೇಕು ಎಂಬುದು ಬಹಳ ಮಂದಿಗೆ ಹೊಳೆಯುವುದು ವಿಮಾನದಲ್ಲಿ ಕುಳಿತ ಮೇಲೆ. ಅಲ್ಲಿ ಈ ಗಾದೆ ತಲೆಕೆಳಗಾಗುತ್ತದೆ. ಈ ವಸ್ತು ಯಾವಾಗ ಕೊಂಡದ್ದು, ಎಷ್ಟು ಕಾಲ ಬಳಸಿದ್ದು, ಯಾರು ಕೊಟ್ಟದ್ದು, ಯಾವ ಮರದ್ದು, ಯಾವ ಪ್ರಾಣಿಯದ್ದು ಎಂದು ಇಂದಿನ ಸುಂಕದವನು ಕೇಳುತ್ತಾನೆ. ನೆಲೆಸಲು ಬಂದವರ ಸ್ವಂತ ಸಾಮಾನಿಗೆ ಅವನು ಕಾಸು ಕೇಳುವ ಸಂದರ್ಭ ಕಡಿಮೆ. ಕತೆಯನ್ನೇ ಕೇಳುತ್ತಾನೆ, ಮತ್ತು ಆ ಕತೆ ನಿಜವಾಗಿರಬೇಕು.

ಓಲೆಗರಿಯೊಳಗಿನ ಸುಂಕದ ಮನೆ

ಸುಂಕದ ಬಾಗಿಲಲ್ಲಿ ವ್ಯಾಪಾರದ ಸರಕಿಗೆ ಒಂದು ನ್ಯಾಯ, ಸಂಸಾರದ ಸಾಮಾನಿಗೆ ಇನ್ನೊಂದು ನ್ಯಾಯ ಎಂಬ ಮಾತಿಗೆ ಬಹಳ ಹಳೆಯ ಸಾಕ್ಷಿ ಬೆಳಕಿಗೆ ಬಂದದ್ದು ಮೈಸೂರಿನಲ್ಲೇ. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಯಲ್ಲಿ (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ರಾಜನೀತಿ, ಗೂಢಚಾರರು, ಯುದ್ಧತಂತ್ರ ಎಂದೇ ಆ ಗ್ರಂಥ ಹೆಸರಾಗಿದ್ದರೂ ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ಕೆಲಸವನ್ನು ಕೂಲಂಕಷವಾಗಿ ಹೇಳಿದೆ.

ಊರ ಹೆಬ್ಬಾಗಿಲ ಹತ್ತಿರ ಧ್ವಜ ನೆಟ್ಟ ಸುಂಕದ ಮನೆ ಇರಬೇಕು. ಅಲ್ಲಿ ನಾಲ್ಕೈದು ಮಂದಿ ಕುಳಿತು, ಬಂದ ವರ್ತಕರು ಯಾರು, ಎಲ್ಲಿಂದ ಬಂದರು, ಸರಕು ಎಷ್ಟು, ಮೊದಲ ಮುದ್ರೆ ಎಲ್ಲಿ ಬಿತ್ತು ಎಂದು ಬರೆದುಕೊಳ್ಳಬೇಕು. ಇಂದು ವಿಮಾನದಲ್ಲಿ ಹಂಚುವ ಕಾರ್ಡಿನ ಪ್ರಶ್ನೆಗಳಿಗೂ ಇವಕ್ಕೂ ಹೆಚ್ಚು ದೂರವಿಲ್ಲ. ಇನ್ನೂ ಸ್ವಾರಸ್ಯವೆಂದರೆ ಸುಂಕವಿಲ್ಲದ ವಸ್ತುಗಳ ಪಟ್ಟಿ. ಮದುವೆಗೆಂದು ಒಯ್ಯುವುದು, ಕಾಣಿಕೆ, ಯಜ್ಞ, ಬಾಣಂತನ, ದೇವರ ಪೂಜೆ, ಚೌಲ, ಉಪನಯನ ಇವುಗಳಿಗೆಂದು ಸಾಗಿಸುವ ಸಾಮಾನನ್ನು ಸುಂಕವಿಲ್ಲದೆ ಬಿಡಬೇಕು. ಜೊತೆಗೆ ‘ಅನ್ವಾಯನ’ವನ್ನೂ ಬಿಡಬೇಕು. ಅಂದರೆ ಹೆಣ್ಣು ತವರಿನಿಂದ ಗಂಡನ ಮನೆಗೆ ಕೊಂಡೊಯ್ಯುವ ಸಾಮಾನು. ಮನೆ ಬದಲಿಸುವವಳ ಪೆಟ್ಟಿಗೆಯನ್ನು ವ್ಯಾಪಾರಿಯ ಹೇರಿನಂತೆ ಕಾಣಬಾರದು ಎಂಬ ತಿಳಿವಳಿಕೆ ಅಂದೇ ಇತ್ತು. ಈ ರಿಯಾಯಿತಿಯ ಬೆನ್ನಿಗೇ ಒಂದು ಎಚ್ಚರಿಕೆಯೂ ಇದೆ: ಸುಳ್ಳು ಹೇಳಿ ಈ ಹೆಸರಿನಲ್ಲಿ ಸರಕು ದಾಟಿಸಿದವನಿಗೆ ಕಳ್ಳನಿಗೆ ಕೊಡುವ ಶಿಕ್ಷೆ.

ಕನ್ನಡ ನಾಡಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂತಿಷ್ಟು ಹೇರಿಗೆ ಸುಂಕ ಬಿಟ್ಟುದನ್ನು ಕಲ್ಲಿನಲ್ಲಿ ಕೊರೆಸುವುದು ದೊಡ್ಡ ದಾನವೆನಿಸಿತ್ತು. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಸುಂಕಕ್ಕೆ ಸಾಯರ್ ಎಂಬ ಹೆಸರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ನೂರಾರು ಚಿಲ್ಲರೆ ತೆರಿಗೆಗಳು ರದ್ದಾದವು. ಆದರೂ ಊರೊಳಗೆ ಬರುವ ಸರಕಿನ ಮೇಲೆ ನಗರಸಭೆಗಳು ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಉಳಿದೇ ಇತ್ತು. ರಾಜ್ಯದಲ್ಲಿ ಅದು ನಿಂತದ್ದು 1979ರಲ್ಲಿ. ಸುಂಕದಕಟ್ಟೆ ಎಂಬ ಊರ ಹೆಸರುಗಳು ಮಾತ್ರ ಇಂದಿಗೂ ಇವೆ.

ಸರಕೋ, ಸಂಸಾರವೋ

ಹೊಸ ದೇಶಕ್ಕೆ ನೆಲೆಸಲು ಬಂದವರ ಮನೆ ಸಾಮಾನಿಗೆ ಸುಂಕವಿಲ್ಲ ಎಂಬುದು ಇಂದು ಬಹುತೇಕ ದೇಶಗಳ ನಿಯಮ. ಆದರೆ ಯಾವುದು ಮನೆ ಸಾಮಾನು? ಕೌಟಿಲ್ಯ ಸಾಮಾನಿನ ಉದ್ದೇಶವನ್ನು ನೋಡಿದ. ಇಂದಿನ ಕಾನೂನು ಅದರ ವಯಸ್ಸನ್ನು ನೋಡುತ್ತದೆ. ಅಮೆರಿಕವು ಹೊರಗೆ ಒಂದು ವರ್ಷವಾದರೂ ಮನೆಯ ಬಳಕೆಯಲ್ಲಿದ್ದ ಪೀಠೋಪಕರಣ, ಪಾತ್ರೆ ಪಡಗಗಳನ್ನು ಸುಂಕವಿಲ್ಲದೆ ಬಿಡುತ್ತದೆ. ಆಸ್ಟ್ರೇಲಿಯಾ ಹಡಗಿನಲ್ಲಿ ಪ್ರತ್ಯೇಕವಾಗಿ ಬರುವ ಪೆಟ್ಟಿಗೆಗಳಿಗೆ ಹನ್ನೆರಡು ತಿಂಗಳ ಒಡೆತನ ಮತ್ತು ಬಳಕೆ ಕೇಳುತ್ತದೆ. ಬ್ರಿಟನ್ನಿನಲ್ಲಿ ಆರು ತಿಂಗಳು ಬಳಸಿದ್ದರೆ ಸಾಕು, ಆದರೆ ಬರುವವರು ಅದಕ್ಕೆ ಮುಂಚೆ ಹನ್ನೆರಡು ತಿಂಗಳು ಆ ದೇಶದ ಹೊರಗೆ ವಾಸವಾಗಿರಬೇಕು. ಕೆನಡಾ ತಿಂಗಳು ಎಣಿಸುವುದಿಲ್ಲ; ಬರುವ ಮೊದಲೇ ವಸ್ತು ನಿಮ್ಮದಾಗಿ, ನಿಮ್ಮ ಬಳಿಯಿದ್ದು, ನೀವು ಬಳಸಿರಬೇಕು ಎನ್ನುತ್ತದೆ.

ಹೀಗಾಗಿ ಹೊರಡುವ ವಾರ ದೇವರಾಜ ಅರಸು ರಸ್ತೆಯಲ್ಲಿ ಕೊಂಡು, ರಟ್ಟಿನ ಪೆಟ್ಟಿಗೆಯನ್ನೂ ಬಿಚ್ಚದೆ ತುಂಬಿಸಿದ ಹೊಸ ಕುಕ್ಕರು, ಮಿಕ್ಸಿಗಳು ಮನೆಯವರ ಲೆಕ್ಕದಲ್ಲಿ ಸಂಸಾರದ ಸಾಮಾನಾದರೂ ನಿಯಮದ ಲೆಕ್ಕದಲ್ಲಿ ಹೊಸ ಸರಕು. ಅಜ್ಜಿಯ ಕಾಲದ ಸೊಟ್ಟ ಹಿತ್ತಾಳೆ ಪಾತ್ರೆಗೆ ಅಲ್ಲಿ ಮಾನ ಹೆಚ್ಚು.

ಇದಕ್ಕೊಂದು ಅಪವಾದವಿದೆ, ಮತ್ತು ಅದು ಅರ್ಥಶಾಸ್ತ್ರವನ್ನು ನೆನಪಿಗೆ ತರುವಂಥದ್ದು. ಕೆನಡಾಕ್ಕೆ ನೆಲೆಸಲು ಬರುವವರು ಬರುವ ಮುನ್ನ ಮೂರು ತಿಂಗಳೊಳಗೆ ಮದುವೆಯಾಗಿದ್ದರೆ, ಅಥವಾ ಬಂದ ಮೂರು ತಿಂಗಳೊಳಗೆ ಮದುವೆಯಾಗುವವರಿದ್ದರೆ, ಮದುವೆಯ ಉಡುಗೊರೆಗಳಿಗೆ ‘ಬಳಸಿರಬೇಕು’ ಎಂಬ ಷರತ್ತು ಇಲ್ಲ. ಮದುಮಗಳು ತವರಿನಿಂದ ತರುವ ಸಾಮಾನಿಗೂ ಇದೇ ರಿಯಾಯಿತಿ. ಎರಡು ಸಾವಿರ ವರ್ಷದ ಹಿಂದಿನ ಅನ್ವಾಯನ ಒಟ್ಟಾವಾದ ನಿಯಮ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿ ಕುಳಿತಿದೆ. ಒಂದು ಇನ್ನೊಂದರಿಂದ ಬಂತು ಎಂದೇನೂ ಅಲ್ಲ. ಮಗಳನ್ನು ಕಳಿಸಿಕೊಡುವ ಮನೆಯ ಸಂಕಟ ಎಲ್ಲ ಕಡೆಯೂ ಒಂದೇ ಇರಬೇಕು.

ಪಟ್ಟಿ ಬರೆಯುವುದೇ ಒಂದು ಕೆಲಸ. ಕೆನಡಾದ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ. ಮೊದಲ ಸಲ ಕಾಲಿಟ್ಟ ದಿನವೇ ಎರಡು ಪಟ್ಟಿ ಕೊಡಬೇಕು. ಒಂದರಲ್ಲಿ ಜೊತೆಯಲ್ಲಿ ತಂದ ವಸ್ತುಗಳು, ಇನ್ನೊಂದರಲ್ಲಿ ಹಿಂದಿನಿಂದ ಬರಲಿರುವ ವಸ್ತುಗಳು. ಎರಡನೆಯದನ್ನು ಕೊಡಲು ಮರೆತು, ಮೂರು ತಿಂಗಳ ಮೇಲೆ ಹಡಗಿನಲ್ಲಿ ಪೆಟ್ಟಿಗೆಗಳು ಬಂದಾಗ ಇವೂ ನಮ್ಮವೇ ಎಂದರೆ ಸುಂಕವಿಲ್ಲದೆ ಬಿಡಿಸಿಕೊಳ್ಳುವುದು ಕಷ್ಟ. ಆ ದಿನ ಕೈಯಲ್ಲಿ ಒಂದು ಚೀಲವಷ್ಟೇ ಇದ್ದರೂ ಎರಡನೆಯ ಪಟ್ಟಿ ಕೊಟ್ಟಿರಲೇಬೇಕು.

‘ಮನೆ ಸಾಮಾನು, ಹನ್ನೆರಡು ಪೆಟ್ಟಿಗೆ’ ಎಂದು ಬರೆದರೆ ಹನ್ನೆರಡೂ ಪೆಟ್ಟಿಗೆ ಬಿಚ್ಚಿಸುವುದಕ್ಕೆ ಆಹ್ವಾನ ಕೊಟ್ಟಂತೆ. ಒಂದೊಂದರೊಳಗೆ ಏನಿದೆ, ಎಷ್ಟಿದೆ, ಅಂದಾಜು ಬೆಲೆ ಎಷ್ಟು ಎಂದು ಬರೆಯಬೇಕು. ಇಲ್ಲಿ ನಮ್ಮವರಿಗೆ ಎದುರಾಗುವ ತೊಡಕು ಭಾಷೆಯದ್ದು. ಒತ್ತುಶಾವಿಗೆಯ ಒರಳನ್ನು ಇಂಗ್ಲಿಷಿನಲ್ಲಿ ಏನೆನ್ನುವುದು? ಈಳಿಗೆಮಣೆಯನ್ನು ಹೆಸರಿನಿಂದಷ್ಟೇ ಬರೆದರೆ ಟೊರಾಂಟೊದ ಅಧಿಕಾರಿಗೆ ಏನೂ ತಿಳಿಯದು, ಎಕ್ಸ್‌ರೇ ಯಂತ್ರದಲ್ಲಿ ಕಂಡರೆ ಆಯುಧದಂತೆ ಕಾಣುತ್ತದೆ. ಮರದ ಮಣೆಗೆ ಕೂರಿಸಿದ, ತರಕಾರಿ ಹೆಚ್ಚುವ ಕಬ್ಬಿಣದ ಅಲಗು ಎಂದು ವಿವರಿಸಿ ಬರೆಯುವುದೇ ಸರಿಯಾದ ದಾರಿ. ಅದು ಕೈಚೀಲಕ್ಕೆ ಸೇರುವ ವಸ್ತುವಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಒಂದು ವೀಣೆ, ನಾಲ್ಕು ಪ್ರಶ್ನೆ

ಮೈಸೂರಿನ ಮನೆಯಿಂದ ಹೊರಡುವ ಪೆಟ್ಟಿಗೆಗಳಲ್ಲಿ ಸುಂಕದವನಿಗೆ ಅತಿ ಹೆಚ್ಚು ಕತೆ ಹೇಳಬಲ್ಲ ವಸ್ತು ವೀಣೆ. ವೀಣೆ ಶೇಷಣ್ಣ (1852-1926), ಸುಬ್ಬಣ್ಣನವರ ಊರಿದು. ಮಗಳು ಕಲಿತ ವೀಣೆಯನ್ನು ಅವಳ ಜೊತೆಗೇ ಕಳಿಸಬೇಕೆಂಬ ಆಸೆ ಇಲ್ಲಿ ಸಹಜ. ಮನೆಯವರ ಕಣ್ಣಿಗೆ ಅದು ಒಂದು ವಾದ್ಯ. ಗಡಿಯ ಅಧಿಕಾರಿಯ ಕಣ್ಣಿಗೆ ಕಾಣುವುದು ಬೇರೆ.

ಮೊದಲನೆಯದು ಮರ. ಕೊಡ ಮತ್ತು ದಂಡಿ ಸಾಮಾನ್ಯವಾಗಿ ಹಲಸಿನದು, ಅದಕ್ಕೆ ತಕರಾರಿಲ್ಲ. ಬೀಟೆ ಮರದ್ದಾದರೆ ಸ್ವಲ್ಪ ಹಿಂದಿನ ಸಂಗತಿ ತಿಳಿದಿರಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ಅದರ ಎರಡನೆಯ ಅನುಬಂಧಕ್ಕೆ ಸೇರಿತು. ಗಿಟಾರು, ಪಿಟೀಲು ನುಡಿಸುವವರೆಲ್ಲ ಪರವಾನಗಿ ಹುಡುಕಿ ಅಲೆಯುವಂತಾಯಿತು. ಪ್ರಪಂಚದ ಸಂಗೀತಗಾರರ ಗದ್ದಲದ ಮೇಲೆ 2019ರಲ್ಲಿ ನಿಯಮ ಸಡಿಲಿಸಿ, ಪೂರ್ಣಗೊಂಡ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆದ್ದರಿಂದ ಬೀಟೆಯ ವೀಣೆ ಹೋಗಬಹುದು.

ಎರಡನೆಯದು ಅಲಂಕಾರ. ಹಳೆಯ ವೀಣೆಗಳಲ್ಲಿ ದಂತದ ಅಥವಾ ಜಿಂಕೆ ಕೊಂಬಿನ ಪಟ್ಟಿ ಕೂರಿಸುವುದಿತ್ತು. ಮೈಸೂರಿನ ಹೆಸರಾಂತ ಕೆತ್ತುಮರದ ಕೆಲಸದಲ್ಲೂ ಹಿಂದೆ ಬೀಟೆಯೊಳಗೆ ಕೂರಿಸುತ್ತಿದ್ದುದು ದಂತವನ್ನೇ. 1986ರಲ್ಲಿ ಭಾರತದ ಆನೆಯ ದಂತದ, 1991ರಲ್ಲಿ ಆಫ್ರಿಕದಿಂದ ತರಿಸುವ ದಂತದ ವ್ಯಾಪಾರ ನಿಷೇಧವಾದ ಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು. ತಾತನ ಕಾಲದ ಪೀಠ, ಹಳೆಯ ವೀಣೆ ಇವುಗಳಲ್ಲಿರುವುದು ಯಾವುದೆಂದು ತಿಳಿದವರಿಗೆ ತೋರಿಸದೆ ಪೆಟ್ಟಿಗೆಗೆ ಹಾಕಬಾರದು. ಪ್ಲಾಸ್ಟಿಕ್ಕಾದರೆ ಬದುಕಿದಿರಿ. ದಂತವಾದರೆ ಅದು ಈ ದೇಶದಿಂದಲೇ ಹೊರಡುವಂತಿಲ್ಲ.

ಮೂರನೆಯದು ಸೋರೆಬುರುಡೆ. ನಾಲ್ಕನೆಯದು ಮೆಟ್ಟಿಲುಗಳನ್ನು ಕೂರಿಸುವ ಮೇಣ. ಒಂದು ಒಣಗಿದ ಕಾಯಿ, ಇನ್ನೊಂದು ಜೇನುಹುಳುವಿನ ಉತ್ಪನ್ನ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸಸ್ಯದಿಂದಾದದ್ದು, ಜೇನಿನಿಂದಾದದ್ದು ಎಲ್ಲವನ್ನೂ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ಕಿತ್ತುಕೊಳ್ಳುತ್ತಾರೆಂದಲ್ಲ. ಹುಳು ಕೊರೆದಿಲ್ಲ, ಮಣ್ಣು ಅಂಟಿಲ್ಲ ಎಂದು ಪರೀಕ್ಷಿಸುತ್ತಾರೆ. ‘ಮರದ ವಸ್ತು ಏನಾದರೂ ಇದೆಯೆ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿ ವೀಣೆಯನ್ನು ಹೆಗಲಿಗೇರಿಸಿಕೊಂಡು ನಡೆದರೆ ಮಾತ್ರ ಕೆಲಸ ಕೆಟ್ಟಂತೆ.

ವೀಣೆಯಿಲ್ಲದ ಮನೆಯಲ್ಲೂ ಪಟ್ಟದ ಗೊಂಬೆ ಇರುತ್ತದೆ. ದಸರೆಯಲ್ಲಿ ಕೂರಿಸುವ ಈ ರಾಜ ರಾಣಿಯರ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುವುದು ಮೈಸೂರಿನ ಸಂಪ್ರದಾಯ. ಹಳೆಯ ಜೋಡಿಗಳಲ್ಲಿ ರಕ್ತಚಂದನದವು ಇರುತ್ತವೆ. ಕಳ್ಳಸಾಗಣೆಯ ಕಾಟದಿಂದಾಗಿ ಆ ಮರದ ರಫ್ತಿಗೆ ನಮ್ಮ ಸರ್ಕಾರವೇ ಬಿಗಿ ಕಟ್ಟಳೆ ಹಾಕಿದೆ. ಗೊಂಬೆಯನ್ನು ಕಟ್ಟುವ ಮುನ್ನ ಕೇಳಿ ತಿಳಿಯುವುದು ಕ್ಷೇಮ. ಶ್ರೀಗಂಧದ ಕೆತ್ತನೆಗೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಂಥ ಕಡೆ ಕೊಂಡ ರಸೀದಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ನವಿಲುಗರಿ ಒಯ್ಯುವಂತಿಲ್ಲ. ಉಪನಯನದಲ್ಲಿ ಜನಿವಾರಕ್ಕೆ ಕಟ್ಟಿದ ಕೃಷ್ಣಾಜಿನದ ತುಣುಕನ್ನೂ ಒಯ್ಯುವಂತಿಲ್ಲ, ಏಕೆಂದರೆ ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದೇ 1972ರ ಇನ್ನೊಂದು ಕಾಯ್ದೆ, ಪುರಾತನ ವಸ್ತುಗಳದ್ದು. ನೂರು ವರ್ಷ ದಾಟಿದ ಮೈಸೂರು ಶೈಲಿಯ ಚಿತ್ರಪಟ, ವಿಗ್ರಹ ಇವು ಅಜ್ಜನ ಸ್ವಂತ ದುಡಿಮೆಯವಾದರೂ ದೇಶ ಬಿಡುವಂತಿಲ್ಲ. ಮಹತ್ವದ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ನೋಡಲು ಹಳತಾಗಿ ಕಂಡರೂ ನಿಜಕ್ಕೂ ಅಷ್ಟು ಹಳತಲ್ಲದ ವಸ್ತುವಿಗೆ ‘ಪುರಾತನವಲ್ಲ’ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬಹುದು.

ಗಮನಿಸಬೇಕಾದದ್ದೆಂದರೆ, ಇಲ್ಲಿ ಹೇಳಿದ ನಿಷೇಧಗಳಲ್ಲಿ ಹಲವು ಹೊಸ ದೇಶದವಲ್ಲ, ನಮ್ಮವೇ. ಕಸ್ಟಮ್ಸ್ ಎಂದರೆ ಆಚೆಯ ಬಾಗಿಲೊಂದೇ ಎಂದು ಭಾವಿಸಿದವರು ದೇವನಹಳ್ಳಿಯ ಬಾಗಿಲನ್ನು ಮರೆತಿರುತ್ತಾರೆ.

ರಸೀದಿಯಿಲ್ಲದ ಚಿನ್ನ

ಒಡವೆಯ ವಿಷಯದಲ್ಲಿ ಮೈಸೂರಿನ ಗೃಹಿಣಿಯರು ಸುಲಭವಾಗಿ ಯಾರನ್ನೂ ನಂಬುವುದಿಲ್ಲ, ಅದು ಒಳ್ಳೆಯದೇ. ಆದರೆ ಮನೆಯ ಚಿನ್ನಕ್ಕೆ ಕಾಗದವಿಲ್ಲ ಎಂಬುದೇ ಇಲ್ಲಿ ತೊಂದರೆ. ಅತ್ತೆಯ ಅವಲಕ್ಕಿ ಸರ ಕರಗಿ ಸೊಸೆಯ ಬಳೆಯಾಗಿರುತ್ತದೆ. ತಾಯಿಯ ಕೆಂಪಿನ ಓಲೆ ಮಗಳ ಕಿವಿಗೆ ಬಂದಿರುತ್ತದೆ. ಯಾವ ಅಂಗಡಿ, ಯಾವ ವರ್ಷ ಎಂಬುದು ಬಾಯಿಂದ ಬಾಯಿಗೆ ಬಂದ ಇತಿಹಾಸವೇ ಹೊರತು ಬಿಲ್ಲಿನಲ್ಲಿಲ್ಲ. 1968ರ ಚಿನ್ನ ನಿಯಂತ್ರಣ ಕಾಯ್ದೆ 1990ರಲ್ಲಿ ರದ್ದಾಗುವವರೆಗೆ ಮನೆಯಲ್ಲಿರುವ ಚಿನ್ನದ ವಿವರವನ್ನು ಸರ್ಕಾರದ ಮುಂದೆ ಬಾಯಿಬಿಟ್ಟು ಹೇಳುವುದೆಂದರೇ ಜನ ಹೆದರುತ್ತಿದ್ದರು. ಆ ಹೆದರಿಕೆ ಮನೆಗಳಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ.

ಹೊಸ ದೇಶದಲ್ಲಿ ಕೇಳುವುದು ಬೇರೆ ಕಾರಣಕ್ಕೆ. ಕೆನಡಾದಲ್ಲಿ ಒಡವೆಗಳನ್ನು ಪಟ್ಟಿಯಲ್ಲಿ ವಿವರವಾಗಿ ಬರೆಯಬೇಕು. ಮೌಲ್ಯಮಾಪಕರ ಚೀಟಿ ಮತ್ತು ಭಾವಚಿತ್ರ ಇದ್ದರೆ ಒಳ್ಳೆಯದು. ಮುಂದೆ ಅದೇ ಒಡವೆ ಧರಿಸಿ ಊರಿಗೆ ಬಂದು ಮರಳುವಾಗ, ಇದು ಹೊಸದಾಗಿ ಕೊಂಡದ್ದಲ್ಲ ಎಂದು ತೋರಿಸಲು ಆ ಪಟ್ಟಿಯೇ ಆಧಾರ. ಅಶೋಕ ರಸ್ತೆಯ ಚಿನ್ನದಂಗಡಿಗಳಿರುವ ಊರಿನಲ್ಲಿ ತೂಕ, ಮಾಟು ಬರೆಸಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಇಷ್ಟೇ ಮುಖ್ಯವಾದದ್ದು ನಮ್ಮ ಕಡೆಯ ಕಾಗದ. ವಿದೇಶಕ್ಕೆ ಹೊರಡುವಾಗ ಬೆಲೆಬಾಳುವ ಒಡವೆಯನ್ನು ವಿಮಾನ ನಿಲ್ದಾಣದ ಕಸ್ಟಮ್ಸ್‌ಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ, ಹಿಂತಿರುಗಿ ಬರುವಾಗ ಅದರ ಮೇಲೆ ಸುಂಕದ ಮಾತು ಬರುವುದಿಲ್ಲ. ಬಹಳ ಮಂದಿ ಇದನ್ನು ಮಾಡುವುದಿಲ್ಲ. ಪರಿಣಾಮ ಕಾಣುವುದು ಐದಾರು ವರ್ಷದ ನಂತರ, ಮೊಮ್ಮಗುವಿನ ಚೌಲಕ್ಕೆಂದು ಬಂದಾಗ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವವರಿಗೆ 2016ರ ಬ್ಯಾಗೇಜ್ ನಿಯಮಾವಳಿ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ಬಿಟ್ಟಿತು. ಜೊತೆಗೆ ಕ್ರಮವಾಗಿ ಒಂದು ಲಕ್ಷ ಮತ್ತು ಐವತ್ತು ಸಾವಿರ ರೂಪಾಯಿಯ ಬೆಲೆಮಿತಿಯನ್ನೂ ಇಟ್ಟಿತು. ಮುಂದೆ ಚಿನ್ನದ ಬೆಲೆ ಏರಿದ ರಭಸಕ್ಕೆ ಒಂದು ಲಕ್ಷಕ್ಕೆ 40 ಗ್ರಾಂ ಎಂಬುದು ನಗೆಪಾಟಲಾಯಿತು. ಮೈಮೇಲಿನ ಹಳೆಯ ಸ್ವಂತ ಒಡವೆ ಬೇರೆ, ಹೊಸದಾಗಿ ಕೊಂಡು ತಂದದ್ದು ಬೇರೆ ಎಂದು ದೆಹಲಿ ಹೈಕೋರ್ಟು ತೀರ್ಪುಗಳಲ್ಲಿ ಎತ್ತಿ ಹೇಳಿದೆ. ಇಂಥ ಅಂಕಿಗಳನ್ನು ಸರ್ಕಾರ ಬದಲಿಸುತ್ತಿರುತ್ತದೆ. ಹೊರಡುವ ವಾರದ ನಿಯಮವನ್ನು ನೋಡಿಕೊಳ್ಳದೆ ಹಳೆಯ ಅಂಕಿ ನಂಬಿ ಹೊರಡುವುದು ತರವಲ್ಲ.

ನಗದಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯೂ ಒಂದಿದೆ. ಅಮೆರಿಕಕ್ಕೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಒಯ್ಯುವಂತಿಲ್ಲ ಎಂದು ಹೇಳುವವರುಂಟು. ಅದು ಒಯ್ಯುವ ಮಿತಿಯಲ್ಲ, ಹೇಳದೆ ಒಯ್ಯುವ ಮಿತಿ. ಅದನ್ನು ದಾಟಿದರೆ ಫಾರಂ ತುಂಬಿ ತಿಳಿಸಬೇಕು, ತೆರಿಗೆಯೇನೂ ಇಲ್ಲ. ಒಂದೇ ಕುಟುಂಬವಾಗಿ ಒಟ್ಟಿಗೆ ಹೋಗುವವರ ಹಣವನ್ನು ಒಟ್ಟಾಗಿ ಲೆಕ್ಕ ಹಿಡಿಯುತ್ತಾರೆ ಎಂಬುದನ್ನೂ ನೆನಪಿಡಬೇಕು.

ಡಬ್ಬಿಯೊಳಗಿನ ಊರು

ಒಡವೆಗಿಂತ ಹೆಚ್ಚು ಮಂದಿ ಸಿಕ್ಕಿಬೀಳುವುದು ತಿಂಡಿಯ ಡಬ್ಬಿಯಲ್ಲಿ. ಇದನ್ನು ಬರಿಯ ದರ್ಪ ಎಂದುಕೊಳ್ಳುವವರಿದ್ದಾರೆ. ಪ್ರತಿಯೊಂದು ನಿಷೇಧದ ಹಿಂದೆಯೂ ಒಂದು ಹುಳುವೋ ರೋಗವೋ ಇರುತ್ತದೆ.

ಅಮೆರಿಕಕ್ಕೆ ಹಸಿ ಕರಿಬೇವು ಬೇಡ ಎನ್ನುವುದು, ಕಿತ್ತಳೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಪುಟ್ಟ ಕೀಟ ಆ ಎಲೆಯ ಮೇಲೂ ಬದುಕುತ್ತದೆ ಎಂಬ ಕಾರಣಕ್ಕೆ. ಫ್ಲಾರಿಡಾದ ಕಿತ್ತಳೆ ತೋಟಗಳು ಆ ರೋಗದಿಂದ ಹಾಳಾಗಿವೆ. ಪ್ರಯಾಣಿಕರ ಚೀಲದಲ್ಲಿ ನಮ್ಮ ಕಡೆಯ ಅಕ್ಕಿಯನ್ನು 2011ರಿಂದ ತಡೆದದ್ದು ದಾಸ್ತಾನಿನ ಧಾನ್ಯ ತಿಂದುಹಾಕುವ ಖಾಪ್ರಾ ಎಂಬ ಹುಳುವಿನ ಭಯಕ್ಕೆ. ಆಸ್ಟ್ರೇಲಿಯಾದಲ್ಲಿ ಹಾಲಿನಿಂದಾದ ತಿನಿಸುಗಳಿಗೆ ಬಿಗಿಯಿರುವುದು ದನಗಳ ಕಾಲುಬಾಯಿ ಜ್ವರದ ಕಾರಣದಿಂದ. ತುಪ್ಪ ಸುರಿಸಿ ಮಾಡಿದ ಮೈಸೂರು ಪಾಕನ್ನು ಅಲ್ಲಿಗೆ ಒಯ್ಯುವವರು ಕಾರ್ಡಿನಲ್ಲಿ ‘ಇದೆ’ ಎಂದು ಗುರುತು ಹಾಕಿ ತೋರಿಸಬೇಕು. ಬಿಡುವುದು ಬಿಡದಿರುವುದು ಅವರಿಗೆ ಸೇರಿದ್ದು. ಗಸಗಸೆಯ ವಿಷಯವೇ ಬೇರೆ. ಪಾಯಸಕ್ಕೆಂದು ನಾವು ಡಬ್ಬಿಯಲ್ಲಿಡುವ ಆ ಬಿಳಿಯ ಕಾಳು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ದುಬೈಗೆ ಸಂಸಾರ ಹೂಡಲು ಹೋಗುವವರ ಮಸಾಲೆ ಡಬ್ಬಿಯಲ್ಲಿ ಅದು ಒಂದು ಚಮಚವೂ ಇರಬಾರದು.

ಮನಸ್ಸಿಗೆ ಹೆಚ್ಚು ನೋವಾಗುವುದು ಮಣ್ಣಿನ ವಿಷಯದಲ್ಲಿ. ಮಂತ್ರಾಲಯದ ಮೃತ್ತಿಕೆಯನ್ನು ಭರಣಿಯಲ್ಲಿಟ್ಟು ಪೂಜಿಸುವ ಮನೆಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಹೊರಟವರ ಕೈಗೆ ಹಿರಿಯರು ಅದರಲ್ಲಿ ಒಂದು ಚಿಟಿಕೆ ಕಟ್ಟಿಕೊಡುತ್ತಾರೆ. ಅವರಿಗೆ ಅದು ರಕ್ಷೆ, ಗಡಿಯ ಕಾನೂನಿಗೆ ಕಣ್ಣಿಗೆ ಕಾಣದ ಜೀವಿಗಳಿರುವ ಮಣ್ಣು. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಕಡೆ ಪರವಾನಗಿಯಿಲ್ಲದೆ ಅದು ಒಳಗೆ ಹೋಗುವಂತಿಲ್ಲ. ತುಳಸಿಯ ಸಸಿಗೂ ಇದೇ ಗತಿ. ಮಂತ್ರಾಕ್ಷತೆಯಲ್ಲಿರುವುದು ಅಕ್ಕಿ ಎಂಬುದನ್ನೂ ಮರೆಯಬಾರದು.

ಇವನ್ನೆಲ್ಲ ಒಯ್ದದ್ದಕ್ಕಿಂತ ಮುಚ್ಚಿಟ್ಟದ್ದು ದೊಡ್ಡ ತಪ್ಪು. ಹೇಳಿ ತೋರಿಸಿದರೆ ವಸ್ತು ಹೋಗಬಹುದು, ಅಷ್ಟೇ. ನ್ಯೂಜಿಲೆಂಡಿನಲ್ಲಿ ಹೇಳದೆ ಸಿಕ್ಕಿದರೆ ಸ್ಥಳದಲ್ಲೇ 400 ಡಾಲರ್ ದಂಡ. ಆಸ್ಟ್ರೇಲಿಯಾ 2019ರಿಂದ ಇನ್ನೂ ಮುಂದೆ ಹೋಗಿ, ಇಂಥ ಅಪರಾಧಕ್ಕೆ ಪ್ರವಾಸಿಗಳ ವೀಸಾವನ್ನೇ ರದ್ದುಪಡಿಸುವ ಅಧಿಕಾರ ಪಡೆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಹಂದಿಮಾಂಸ ಮೊದಲಾದವನ್ನು ತಿಳಿಸದೆ ಸಿಡ್ನಿಗೆ ಬಂದ ವಿಯೆಟ್ನಾಮಿನ ಮಹಿಳೆಯೊಬ್ಬರನ್ನು ಹಾಗೆಯೇ ಹಿಂದಕ್ಕೆ ಕಳಿಸಲಾಯಿತು. ಮಗಳ ಬಾಣಂತನಕ್ಕೆಂದು ಸಂದರ್ಶಕ ವೀಸಾದಲ್ಲಿ ಹೋಗುವ ಮೈಸೂರಿನ ತಾಯಂದಿರು ನೆನಪಿಡಬೇಕಾದ ಸಂಗತಿ ಇದು. ಕೌಟಿಲ್ಯ ಬಾಣಂತನದ ಸಾಮಾನಿಗೆ ಸುಂಕ ಬಿಟ್ಟಿದ್ದ. ಸಿಡ್ನಿಯವರು ಅಂಟಿನುಂಡೆ, ಲೇಹ್ಯಗಳ ಡಬ್ಬಿಗೆ ಸುಂಕ ಕೇಳುವುದಿಲ್ಲ, ಒಳಗೇನಿದೆ ಎಂದು ಕೇಳುತ್ತಾರೆ. ಬೇಳೆಕಾಳು, ತುಪ್ಪ, ಬೇರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನು ಡಬ್ಬಿಗೆ ಅಂಟಿಸಿ ಕಳಿಸಿದರೆ, ಇಂಗ್ಲಿಷ್ ಬಾರದ ತಾಯಿ ಕೌಂಟರಿನ ಮುಂದೆ ಒದ್ದಾಡುವುದು ತಪ್ಪುತ್ತದೆ.

ಬೇರೆಯವರು ಬರೆದ ಪಟ್ಟಿ

ಏನು ಒಯ್ಯಬೇಕು, ಏನು ಬಿಡಬೇಕು ಎಂದು ನಡುಮನೆಯಲ್ಲಿ ಕುಳಿತು ಚರ್ಚಿಸುವ ಭಾಗ್ಯ ವಲಸೆ ಹೋದ ಎಲ್ಲರಿಗೂ ಇರಲಿಲ್ಲ. 1960ರ ದಶಕದಲ್ಲಿ ಅಮೆರಿಕಕ್ಕೆ ಹೋದವರ ಕತೆಗಳಲ್ಲಿ ಎಂಟು ಡಾಲರಿನ ಮಾತು ಬಂದೇ ಬರುತ್ತದೆ. ವಿದೇಶೀ ವಿನಿಮಯದ ಬಿಕ್ಕಟ್ಟಿನ ಆ ದಿನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡುತ್ತಿದ್ದುದು ಅಷ್ಟೇ.

ಅವರಾದರೂ ಸ್ವಇಚ್ಛೆಯಿಂದ ಹೊರಟವರು. ಕರ್ನಾಟಕದ ಒಳಗೇ ಇನ್ನೊಂದು ಬಗೆಯ ವಲಸಿಗರಿದ್ದಾರೆ. ಮೈಸೂರಿನಿಂದ ಮಡಿಕೇರಿಯ ಮೇಲೆ ಘಟ್ಟ ಇಳಿದರೆ ಸಿಗುವ ಸುಳ್ಯ, ಪುತ್ತೂರು ತಾಲ್ಲೂಕುಗಳ ರಬ್ಬರ್ ತೋಟಗಳಲ್ಲಿ. ಅವರು ಸಿಲೋನಿನ ಚಹಾ ತೋಟಗಳಿಗೆ ಬ್ರಿಟಿಷರ ಕಾಲದಲ್ಲಿ ಹೋಗಿದ್ದ ತಮಿಳು ಕೂಲಿಗಳ ಮಕ್ಕಳು, ಮೊಮ್ಮಕ್ಕಳು. 1964ರ ಅಕ್ಟೋಬರ್ 30ರಂದು ಲಾಲ್‌ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳಬೇಕು, 3,00,000 ಮಂದಿಗೆ ಸಿಲೋನು ಪೌರತ್ವ ಕೊಡಬೇಕು ಎಂದಾಯಿತು. ಉಳಿದ 1,50,000 ಮಂದಿಯ ಹಣೆಬರಹ ತೀರ್ಮಾನವಾದದ್ದು 1974ರಲ್ಲಿ.

ಆ ಒಪ್ಪಂದದಲ್ಲಿ ಸಾಮಾನು ಸರಂಜಾಮಿನ ಪ್ರಸ್ತಾಪವೂ ಇತ್ತು. ಹೊರಡುವವರು ಭವಿಷ್ಯನಿಧಿ, ಗ್ರಾಚ್ಯುಯಿಟಿ ಹಣವೂ ಸೇರಿದಂತೆ ತಮ್ಮ ಆಸ್ತಿಯನ್ನು ಒಯ್ಯಬಹುದು. ಒಂದು ಕುಟುಂಬ ಒಯ್ಯಬಹುದಾದ ಗರಿಷ್ಠ ಮೊತ್ತವನ್ನು 4,000 ರೂಪಾಯಿಗಿಂತ ಕೆಳಕ್ಕೆ ಇಳಿಸಬಾರದು ಎಂದು ಎರಡು ಸರ್ಕಾರಗಳು ಒಪ್ಪಿದ್ದವು. ಮೂರು ತಲೆಮಾರು ಚಹಾ ಕಿತ್ತ ಸಂಸಾರದ ಲೆಕ್ಕಕ್ಕೆ ದೆಹಲಿಯಲ್ಲಿ ಇಂಥ ಒಂದು ಕಲಮು. ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಕಾದು, ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗಬೇಕಾಗಿತ್ತು. ಹಾಗೆ ಬಂದ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರಿನ ಕಡೆ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಸಿಕ್ಕಿತು. ಈಗ ಆ ತೋಟಗಳು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಅಧೀನದಲ್ಲಿವೆ.

ಮರಳಿ ಬರುವವರಿಗೂ ಪಟ್ಟಿ ತಪ್ಪಿದ್ದಲ್ಲ. ಹೊರದೇಶದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ನೆಲೆಸಿ, ನಿವೃತ್ತಿಯ ಬದುಕಿಗೆ ಮೈಸೂರೇ ವಾಸಿ ಎಂದು ಬರುವವರ ಮನೆ ಸಾಮಾನಿಗೆ ‘ವಾಸಸ್ಥಾನ ವರ್ಗಾವಣೆ’ ಎಂಬ ರಿಯಾಯಿತಿ ನಮ್ಮಲ್ಲೂ ಇದೆ. 2016ರ ನಿಯಮಾವಳಿಯಲ್ಲಿ ಅದರ ಮಿತಿ ಐದು ಲಕ್ಷ ರೂಪಾಯಿಯಾಗಿತ್ತು. 1962ರ ಕಸ್ಟಮ್ಸ್ ಕಾಯ್ದೆಯ 77ನೇ ಕಲಮಿನ ಪ್ರಕಾರ ಪೆಟ್ಟಿಗೆಯಲ್ಲಿ ಏನಿದೆ ಎಂದು ಹೇಳಬೇಕಾದವರು ಅದರ ಒಡೆಯರೇ. ಇಪ್ಪತ್ತು ವರ್ಷದ ಹಿಂದೆ ಮೈಸೂರಿನಿಂದ ಹೋಗಿ ಈಗ ಹಿಂದಕ್ಕೆ ಬರುತ್ತಿರುವ ವೀಣೆಯಾದರೆ, ಹೋಗುವಾಗ ಪಡೆದ ರಫ್ತು ಪ್ರಮಾಣಪತ್ರವನ್ನು ಆ ಪಟ್ಟಿಯ ಜೊತೆಗೆ ಇಡಬೇಕು.